ಮಗುವಿಗೆ ಯಾವ ಶಿಶುವಿಹಾರ? ನೋಡಿ, ಹೋಲಿಸಿ, ಆಮೇಲೆ ಸೇರಿಸಿ

ಬಿತ್ತನೆ ಬೀಜ ಕೊಳ್ಳುವಾಗ ನಮ್ಮ ರೈತರು ನಾಲ್ಕು ಕಡೆ ವಿಚಾರಿಸುತ್ತಾರೆ. ತಳಿ ಯಾವುದು, ಮೊಳಕೆ ಪ್ರಮಾಣ ಎಷ್ಟು, ಕಳೆದ ವರ್ಷ ಪಕ್ಕದ ಹೊಲದಲ್ಲಿ ಹೇಗೆ ಬಂತು ಎಂದು ಕೇಳಿ ತಿಳಿದುಕೊಂಡೇ ಚೀಲಕ್ಕೆ ಕೈಹಾಕುತ್ತಾರೆ. ಎಮ್ಮೆ ಕೊಳ್ಳಬೇಕಾದರಂತೂ ಎರಡು ಹೊತ್ತು ನಿಂತು ಹಾಲು ಕರೆಸಿ ನೋಡುತ್ತಾರೆ. ಆದರೆ ಮೂರು ನಾಲ್ಕು ವರ್ಷದ ಮಗುವನ್ನು ಮೊಟ್ಟಮೊದಲ ಬಾರಿಗೆ ಮನೆಯಿಂದ ಹೊರಗೆ ಕಳುಹಿಸುವಾಗ ಇಷ್ಟೇ ಎಚ್ಚರಿಕೆ ಇರುವುದು ಅಪರೂಪ. ಊರಿಗೆ ವ್ಯಾನು ಬರುತ್ತದೆ, ಪಕ್ಕದ ಮನೆಯ ಮಗು ಟೈ ಕಟ್ಟಿಕೊಂಡು ಹೋಗುತ್ತದೆ, ಅಷ್ಟಕ್ಕೇ ತೀರ್ಮಾನವಾಗಿಬಿಡುತ್ತದೆ. ಇಲ್ಲವೇ, ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಅಂಗನವಾಡಿಗೆ ಬಿಟ್ಟು, ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಂದು ದಿನವೂ ನೋಡದೆ ಇರುವುದುಂಟು.

ಈ ಎರಡೂ ಸರಿಯಲ್ಲ. ಶಿಶುವಿಹಾರದ ಬೆಲೆಯನ್ನು ಅದರ ಹೆಸರಾಗಲಿ, ಶುಲ್ಕವಾಗಲಿ, ಮಾಧ್ಯಮವಾಗಲಿ ಹೇಳುವುದಿಲ್ಲ. ಅಲ್ಲಿ ಕಳೆಯುವ ಮೂರು ನಾಲ್ಕು ಗಂಟೆಗಳಲ್ಲಿ ಮಗು ಏನು ಮಾಡುತ್ತದೆ ಎಂಬುದೇ ಮುಖ್ಯ. ಇದನ್ನು ಓದು ಬಲ್ಲ ತಂದೆತಾಯಿಗಳಷ್ಟೇ ಅಲ್ಲ, ಅಕ್ಷರ ಬಾರದ ಅಜ್ಜಿಯೂ ಸ್ವತಃ ಹೋಗಿ ನೋಡಿ ತಿಳಿಯಬಹುದು. ಹೇಗೆ ನೋಡಬೇಕು, ಏನನ್ನು ಹೋಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರರಿಂದ ಆರು ವರ್ಷ ಏಕೆ ಮುಖ್ಯ?

ಮನುಷ್ಯನ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೇಳಲಾಗಿದೆ. ಭತ್ತದ ಒಟ್ಲುಮಡಿಯಲ್ಲಿ ಸೊರಗಿದ ಸಸಿಗೆ ನಾಟಿಯಾದ ಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಪೂರ್ತಿ ಚೇತರಿಕೆ ಕಷ್ಟ. ಮಗುವಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ.

ಈ ವಯಸ್ಸಿನಲ್ಲಿ ಮಗು ಕಲಿಯಬೇಕಾದುದು ಅಕ್ಷರಮಾಲೆಯನ್ನಲ್ಲ. ಮನಸ್ಸಿನಲ್ಲಿದ್ದುದನ್ನು ಮಾತಿನಲ್ಲಿ ಹೇಳುವುದು, ಬೇರೆಯವರ ಮಾತು ಕೇಳುವುದು, ತನ್ನ ಸರದಿಗಾಗಿ ಕಾಯುವುದು, ಒಂದು ಕೆಲಸದ ಮೇಲೆ ಸ್ವಲ್ಪ ಹೊತ್ತು ಗಮನವಿಡುವುದು, ಹೆಚ್ಚು-ಕಡಿಮೆ, ದೊಡ್ಡದು-ಚಿಕ್ಕದು, ಹಿಂದೆ-ಮುಂದೆ ಎಂಬ ವ್ಯತ್ಯಾಸ ತಿಳಿಯುವುದು, ಬೆರಳುಗಳನ್ನು ಹದವಾಗಿ ಆಡಿಸುವುದು: ಇವು ಮುಂದಿನ ಓದಿಗೆ ಬುನಾದಿ. ತೊಗರಿ, ಅವರೆ, ಹುರುಳಿ ಕಾಳುಗಳನ್ನು ಬೆರೆಸಿಟ್ಟು ಬೇರೆ ಬೇರೆ ಮಾಡಿಸಿದರೆ ಮಗು ವಿಂಗಡಣೆ ಮತ್ತು ಎಣಿಕೆ ಎರಡನ್ನೂ ಕಲಿಯುತ್ತದೆ. (ಇಂಥ ಆಟ ಆಡಿಸುವಾಗ ದೊಡ್ಡವರು ಪಕ್ಕದಲ್ಲಿರಲೇಬೇಕು. ಚಿಕ್ಕ ಮಕ್ಕಳು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಅಪಾಯವಿದೆ.) ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು ಬೆರಳುಗಳಿಗೆ ಬಲ ಕೊಡುತ್ತವೆ. ಆ ಬಲ ಬಂದ ಮೇಲೆ ಬರವಣಿಗೆ ತಾನಾಗಿ ಸುಲಭವಾಗುತ್ತದೆ. ಬೆರಳು ಗಟ್ಟಿಯಾಗುವ ಮೊದಲೇ ಗಂಟೆಗಟ್ಟಲೆ ಬರೆಸಿದರೆ ಮಗುವಿಗೆ ಕೈನೋವಿನ ಜೊತೆಗೆ ಶಾಲೆಯ ಮೇಲೆ ಜುಗುಪ್ಸೆಯೂ ಹುಟ್ಟುತ್ತದೆ.

ಜರ್ಮನಿಯಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದ ಫ್ರೋಬೆಲ್ ಅದಕ್ಕೆ ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಮಕ್ಕಳ ತೋಟ ಎಂಬುದು ಆ ಪದದ ಅರ್ಥ. ಇಂದು ನಾವು ಎಲ್.ಕೆ.ಜಿ., ಯು.ಕೆ.ಜಿ. ಎನ್ನುವಾಗ ಬರುವ 'ಕೆ.ಜಿ.' ಇದೇ. ತೋಟದಲ್ಲಿ ಗಿಡವನ್ನು ಹಿಡಿದೆಳೆದು ಬೆಳೆಸಲಾಗದು ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ನಮ್ಮ ಹಳ್ಳಿಗಳಲ್ಲಿ ದೊರೆಯುವ ವ್ಯವಸ್ಥೆಗಳು

1. ಅಂಗನವಾಡಿ: ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಮನೆಯಂಗಳದಲ್ಲೇ ಮಕ್ಕಳನ್ನು ಕೂಡಿಸಿ ಕಲಿಸುವ ಕಲ್ಪನೆಯನ್ನು ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್ ಹಾಗೂ ಅನುತಾಯಿ ವಾಘ್ ಅವರು ರೂಢಿಗೆ ತಂದಿದ್ದರು.

ಅಂಗನವಾಡಿಯಲ್ಲಿ ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳುವಳಿಕೆ ಎಂಬ ಆರು ಸೇವೆಗಳಿವೆ. ಶುಲ್ಕವಿಲ್ಲ. ಬಿಸಿಯೂಟ, ಮೊಟ್ಟೆ ಮತ್ತು 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು ದೊರೆಯುತ್ತವೆ. ಮಗುವಿನ ತೂಕ, ಎತ್ತರವನ್ನು ಅಳೆದು ದಾಖಲಿಸುತ್ತಾರೆ. ಆಟಪಾಠಕ್ಕೆ 'ಚಿಲಿಪಿಲಿ' ಎಂಬ ಚಟುವಟಿಕೆ ಪುಸ್ತಕವನ್ನು ರೂಪಿಸಲಾಗಿದೆ. ಮನೆಗೆ ಹತ್ತಿರವಿರುವುದರಿಂದ ಪ್ರಯಾಣದ ಆಯಾಸವಿಲ್ಲ. ಕೊರತೆಯೆಂದರೆ, ಒಬ್ಬ ಕಾರ್ಯಕರ್ತೆಯ ಮೇಲೆ ಸಮೀಕ್ಷೆ, ಲೆಕ್ಕಪತ್ರ, ಮನೆಭೇಟಿ ಮುಂತಾದ ಅನೇಕ ಕೆಲಸಗಳ ಹೊರೆ ಬೀಳುತ್ತದೆ. ಹೀಗಾಗಿ ಕಲಿಕೆಗೆ ಸಮಯ ಕಡಿಮೆಯಾಗುವುದುಂಟು.

2. ಸರ್ಕಾರಿ ಶಾಲೆಯ ಪೂರ್ವ ಪ್ರಾಥಮಿಕ ತರಗತಿ: ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮತ್ತು ಇತರ ಕೆಲವು ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳು ನಡೆಯುತ್ತವೆ. 2024ರಲ್ಲಿ ಕೆಲವು ಅಂಗನವಾಡಿಗಳನ್ನೂ ಸರ್ಕಾರಿ ಮಾಂಟೆಸೊರಿ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೆ ಏರಿಸಲಾಯಿತು. ಮಗು ಮುಂದೆ ಅದೇ ಶಾಲೆಯಲ್ಲಿ 1ನೇ ತರಗತಿಗೆ ಹೋಗಬಹುದಾದ್ದರಿಂದ ಜಾಗ ಬದಲಾಯಿಸುವ ತೊಂದರೆ ಇರುವುದಿಲ್ಲ. ಆದರೆ ಎಲ್ಲ ಊರುಗಳಲ್ಲೂ ಈ ಸೌಲಭ್ಯವಿಲ್ಲ. ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಶಿಕ್ಷಕಿ, ಸಹಾಯಕಿ ಇದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

3. ಖಾಸಗಿ ಶಾಲೆ: ಹೋಬಳಿ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಇವು ಬಹಳ. ಸಮಯಪಾಲನೆ, ಕಟ್ಟಡ, ಇಂಗ್ಲಿಷ್ ಕಲಿಕೆ ಇವುಗಳ ಆಕರ್ಷಣೆ. ಚೆನ್ನಾಗಿ ನಡೆಯುವ ಶಾಲೆಗಳೂ ಇವೆ. 1ನೇ ತರಗತಿಯ ಪಾಠವನ್ನೇ ನಾಲ್ಕು ವರ್ಷದ ಮಗುವಿಗೆ ಹೇರುವ ಶಾಲೆಗಳೂ ಇವೆ. ಶಾಲೆಗೆ ಇಲಾಖೆಯ ಮಾನ್ಯತೆ ಇದೆಯೇ, ಯಾವ ತರಗತಿಗೆ ಮತ್ತು ಯಾವ ಮಾಧ್ಯಮಕ್ಕೆ ಎಂದು ಕೇಳಿ. ಮಾನ್ಯತೆ ಪಡೆದ ಶಾಲೆಗೆ 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುತ್ತದೆ. ಅನುಮಾನವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

4. ಮಾಂಟೆಸೊರಿ: ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮೊದಲ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಭಾರತಕ್ಕೆ ಬಂದು ಅನೇಕ ಶಿಕ್ಷಕರಿಗೆ ತರಬೇತಿ ಕೊಟ್ಟರು. ಈ ಪದ್ಧತಿಯಲ್ಲಿ ಮಕ್ಕಳು ವಿಶೇಷವಾಗಿ ರೂಪಿಸಿದ ಸಲಕರಣೆಗಳನ್ನು ತಾವೇ ಆರಿಸಿಕೊಂಡು ಬಳಸುತ್ತಾ ಕಲಿಯುತ್ತಾರೆ. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿರುತ್ತಾರೆ. ಆದರೆ ಈ ಹೆಸರನ್ನು ಯಾರು ಬೇಕಾದರೂ ಹಲಗೆಯ ಮೇಲೆ ಬರೆಸಿಕೊಳ್ಳಬಹುದು. ಆದುದರಿಂದ ಸಲಕರಣೆಗಳು ಮಕ್ಕಳ ಕೈಯಲ್ಲಿವೆಯೇ ಅಥವಾ ಬೀರುವಿನಲ್ಲಿವೆಯೇ, ಶಿಕ್ಷಕಿ ಎಲ್ಲಿ ತರಬೇತಿ ಪಡೆದಿದ್ದಾರೆ ಎಂಬ ಎರಡು ವಿಷಯಗಳನ್ನು ನೋಡಿಯೇ ನಂಬಬೇಕು.

5. ಮೂರು ವರ್ಷದೊಳಗಿನ ಮಕ್ಕಳಿಗೆ: ಇಷ್ಟು ಚಿಕ್ಕ ಮಗುವಿಗೆ ಶಾಲೆಯ ಅಗತ್ಯವಿಲ್ಲ. ಖಾಸಗಿ ಆಟದ ಶಾಲೆಗಳು ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯೂ ತಿಳಿಸುತ್ತದೆ. ತಾಯಿ ಕೂಲಿಗೆ ಹೋಗಬೇಕಾದ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವವರು ಬೇಕು. ಇದಕ್ಕಾಗಿ 2023ರಲ್ಲಿ ಗ್ರಾಮ ಪಂಚಾಯತಿಗಳ ಮೂಲಕ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಬಂದಿತು. ನಿಮ್ಮ ಪಂಚಾಯತಿಯಲ್ಲಿ ಅಂಥ ಕೇಂದ್ರ ನಡೆಯುತ್ತಿದೆಯೇ ಎಂದು ವಿಚಾರಿಸಿ.

ಅಧ್ಯಯನಗಳು ಹೇಳುವುದೇನು?

ಅಂಗನವಾಡಿ ಮೇಲೋ ಖಾಸಗಿ ಮೇಲೋ ಎಂಬ ಪ್ರಶ್ನೆ ಹಳ್ಳಿಕಟ್ಟೆಗಳಲ್ಲಿ ಕೇಳಿಬರುತ್ತದೆ. ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟನೇ ವಯಸ್ಸಿನವರೆಗೆ ಗಮನಿಸಿದ ಒಂದು ದೊಡ್ಡ ಅಧ್ಯಯನದ ವರದಿ 2017ರಲ್ಲಿ ಪ್ರಕಟವಾಯಿತು. ಖಾಸಗಿ ಶಾಲೆಗಳಲ್ಲಿ ಬಹುಪಾಲು ಸಮಯ ಓದು, ಬರಹ, ಲೆಕ್ಕಗಳ ಪಾಠದಲ್ಲಿ ಕಳೆಯುತ್ತಿತ್ತು. ಅಂಗನವಾಡಿಗಳಲ್ಲಿ ಕಲಿಕೆಯ ಚಟುವಟಿಕೆಗೆ ಸಿಗುತ್ತಿದ್ದ ಸಮಯವೇ ಕಡಿಮೆ. ವಯಸ್ಸಿಗೆ ತಕ್ಕ ಆಟ ಮತ್ತು ಚಟುವಟಿಕೆ ಎರಡು ಕಡೆಯೂ ಸಾಲದಾಗಿತ್ತು. ಎಲ್ಲಿ ಆಟದ ಮೂಲಕ ಕಲಿಕೆ ಹೆಚ್ಚಾಗಿತ್ತೋ ಅಲ್ಲಿಯ ಮಕ್ಕಳು ಶಾಲೆಗೆ ಹೆಚ್ಚು ಸಿದ್ಧರಾಗಿದ್ದರು.

ಇನ್ನೊಂದು ಪ್ರಯೋಗ ತಮಿಳುನಾಡಿನದು. 320 ಅಂಗನವಾಡಿ ಕೇಂದ್ರಗಳನ್ನು ಆರಿಸಿ, ಅವುಗಳ ಪೈಕಿ ಅರ್ಧದಷ್ಟು ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಒದಗಿಸಲಾಯಿತು. ಕಲಿಕೆಯ ಸಮಯ ಎರಡರಷ್ಟಾಯಿತು. ಮಕ್ಕಳ ಭಾಷೆ ಮತ್ತು ಲೆಕ್ಕ ಸುಧಾರಿಸಿದವು. ಮೊದಲಿನ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾದವು. ಕಟ್ಟಡವಾಗಲಿ ಹಲಗೆಯಾಗಲಿ ಬದಲಾಗಿರಲಿಲ್ಲ. ಮಕ್ಕಳ ಜೊತೆ ಕಳೆಯುವ ಸಮಯ ಮಾತ್ರ ಬದಲಾಗಿತ್ತು.

ಇವೆರಡರಿಂದ ತಿಳಿಯುವುದಿಷ್ಟು: ಜಾತಿ ಒಳ್ಳೆಯದೆಂದು ಎಮ್ಮೆ ಕೊಂಡಂತೆ ಶಾಲೆಯ ವರ್ಗ ನೋಡಿ ಮಗುವನ್ನು ಸೇರಿಸಲಾಗದು. ಒಂದೇ ತಾಲ್ಲೂಕಿನ ಎರಡು ಅಂಗನವಾಡಿಗಳ ನಡುವೆ, ಒಂದೇ ರಸ್ತೆಯ ಎರಡು ಖಾಸಗಿ ಶಾಲೆಗಳ ನಡುವೆ ಅಜಗಜಾಂತರ ಇರಬಹುದು. ನಿಮ್ಮ ಮಗು ಹೋಗುವ ಕೇಂದ್ರವನ್ನೇ ನೋಡಬೇಕು.

ಇಂಗ್ಲಿಷ್ ಬೇಡವೇ?

ಇಂಗ್ಲಿಷ್ ಕಲಿತರೆ ಮಗುವಿಗೆ ಮುಂದೆ ಅನುಕೂಲ ಎಂಬ ತಂದೆತಾಯಿಗಳ ಆಸೆ ತಪ್ಪಲ್ಲ. ಬೋಧನಾ ಮಾಧ್ಯಮದ ಆಯ್ಕೆ ಪೋಷಕರಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟು ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ 2014ರಲ್ಲಿ ತೀರ್ಪಿತ್ತಿದೆ. ಆಯ್ಕೆ ನಮ್ಮದಾದ ಮೇಲೆ ಅದರ ಫಲಾಫಲದ ಯೋಚನೆಯೂ ನಮ್ಮದೇ.

ಮೂರು ನಾಲ್ಕು ವರ್ಷದ ಮಗು ಯೋಚಿಸುವುದು ಮನೆಮಾತಿನಲ್ಲಿ. ಬಾಯಾರಿಕೆಯಾದರೆ, ಹೊಟ್ಟೆನೋವು ಬಂದರೆ, ಯಾರಾದರೂ ಹೊಡೆದರೆ ಹೇಳಿಕೊಳ್ಳುವುದೂ ಆ ಮಾತಿನಲ್ಲೇ. ಮನೆಮಾತಿಗೆ ನಿರ್ಬಂಧವಿರುವ ಶಾಲೆಯಲ್ಲಿ ಮಗು ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯುತ್ತದೆ. ಹಾಡು, ಕಥೆ, ಮಾತುಕತೆ ಮನೆಮಾತಿನಲ್ಲಿ ನಡೆದು, ಅದರ ಜೊತೆಗೆ ಇಂಗ್ಲಿಷ್ ಹಾಡು, ವಸ್ತುಗಳ ಹೆಸರು ಬಾಯಿಮಾತಿನಲ್ಲಿ ಪರಿಚಯವಾದರೆ ತೊಂದರೆಯಿಲ್ಲ. ಎಳೆಯ ಮಕ್ಕಳು ಎರಡು ಮೂರು ಭಾಷೆಗಳನ್ನು ಸುಲಭವಾಗಿ ಹಿಡಿಯುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿಗೆ ಕನ್ನಡವೂ ಹೊಸದೇ ಎಂಬುದನ್ನು ನೆನಪಿಡಬೇಕು. ಅಂಥ ಮಗುವಿನ ಮಾತು ಶಿಕ್ಷಕಿಗೆ ಅಥವಾ ಸಹಾಯಕಿಗೆ ಅರ್ಥವಾಗುವಂತಿದ್ದರೆ ಬಹಳ ಅನುಕೂಲ.

ಇಂಗ್ಲಿಷ್ ಪದ್ಯವನ್ನು ಗಿಳಿಯಂತೆ ಒಪ್ಪಿಸುವುದು ಇಂಗ್ಲಿಷ್ ಕಲಿತಂತಲ್ಲ. ನೆಂಟರ ಮುಂದೆ ಹಾಡಿಸಿ ಸಂತೋಷಪಡಬಹುದು. ಆದರೆ ಅದರ ಅರ್ಥವನ್ನು ಮಗುವನ್ನೇ ಕೇಳಿ ನೋಡಿ.

ಹೋಗಿ ನೋಡುವ ಕ್ರಮ

ಸೇರಿಸುವ ತಿಂಗಳಾದ ಜೂನ್‌ನಲ್ಲಿ ಮುಂಗಾರು ಬಿತ್ತನೆಯ ಅವಸರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಆದುದರಿಂದ ಸುಗ್ಗಿ ಮುಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ, ತರಗತಿಗಳು ನಡೆಯುತ್ತಿರುವಾಗಲೇ ಹೋಗಿ ನೋಡುವುದು ಸೂಕ್ತ. ಎರಡು ಅಥವಾ ಮೂರು ಕೇಂದ್ರಗಳನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ ಬೆಳಗಿನ ಒಂದು ಗಂಟೆ ಮೀಸಲಿಡಿ. ತಂದೆ ತಾಯಿ ಇಬ್ಬರೂ ಹೋದರೆ ಇನ್ನೂ ಒಳ್ಳೆಯದು. ಶಾಲೆಯವರ ಅನುಮತಿ ಕೇಳಿಯೇ ಒಳಗೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಪೋಷಕರಿಗೆ ತರಗತಿಯನ್ನು ಒಂದು ದಿನವೂ ನೋಡಲು ಬಿಡದ ಕಡೆ ಕಾರಣ ಕೇಳಿ. ಸಮಾಧಾನಕರ ಉತ್ತರ ಬಾರದಿದ್ದರೆ ಎಚ್ಚರಿಕೆಯಿಂದಿರಿ.

ಹೊಲದಲ್ಲಿ ಕೀಟದ ಹಾವಳಿ ತಿಳಿಯಲು ಐದಾರು ಕಡೆ ನಿಂತು ಗಿಡಗಳನ್ನು ಎಣಿಸುವಂತೆ ಇಲ್ಲೂ ಒಂದು ಎಣಿಕೆ ಮಾಡಬಹುದು. ಅರ್ಧ ಗಂಟೆಯಲ್ಲಿ ಐದು ನಿಮಿಷಕ್ಕೊಮ್ಮೆ, ಒಟ್ಟು ಆರು ಬಾರಿ, ಮಕ್ಕಳಲ್ಲಿ ಹೆಚ್ಚಿನವರು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಿಕೊಳ್ಳಿ: (ಅ) ಸುಮ್ಮನೆ ಕುಳಿತಿದ್ದಾರೆ, (ಆ) ಒಟ್ಟಾಗಿ ಒಪ್ಪಿಸುತ್ತಿದ್ದಾರೆ ಅಥವಾ ಬರೆಯುತ್ತಿದ್ದಾರೆ, (ಇ) ಆಡುತ್ತಿದ್ದಾರೆ, ಕೈಯಿಂದ ಏನನ್ನಾದರೂ ಮಾಡುತ್ತಿದ್ದಾರೆ, ಹಾಡು ಕಥೆಗಳಲ್ಲಿ ತೊಡಗಿದ್ದಾರೆ, ಮಾತನಾಡುತ್ತಿದ್ದಾರೆ. ಆರರಲ್ಲಿ ನಾಲ್ಕು ಬಾರಿಯಾದರೂ 'ಇ' ಬಂದರೆ ಅದು ಒಳ್ಳೆಯ ಕೇಂದ್ರದ ಲಕ್ಷಣ. ನಾಲ್ಕು ಬಾರಿ 'ಅ' ಬಂದರೆ ಅದು ಮಕ್ಕಳನ್ನು ಕೂಡಿಹಾಕುವ ಜಾಗ. ನಾಲ್ಕು ಬಾರಿ 'ಆ' ಬಂದರೆ ಅದು ದೊಡ್ಡವರ ಶಾಲೆಯನ್ನು ಚಿಕ್ಕವರಿಗೆ ತೊಡಿಸಿದಂತೆ.

ಇದರ ಜೊತೆಗೆ ಈ ಕೆಳಗಿನವನ್ನೂ ಗಮನಿಸಿ:

1. ಶಿಕ್ಷಕಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ? ಅಳುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಾರೆಯೇ, ಗದರುತ್ತಾರೆಯೇ? ಕೈಯಲ್ಲಿ ಬೆತ್ತವಿದೆಯೇ?

2. ಮಕ್ಕಳ ಸಂಖ್ಯೆ ಎಷ್ಟು? ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರಂತೆ ದೊಡ್ಡವರಿರಬೇಕೆಂದು 2013ರ ರಾಷ್ಟ್ರೀಯ ಶೈಶವ ಪಾಲನಾ ಮತ್ತು ಶಿಕ್ಷಣ ನೀತಿ ಹೇಳುತ್ತದೆ. ಒಬ್ಬ ಶಿಕ್ಷಕಿ, 45 ಮಕ್ಕಳು ಎಂದಾದರೆ ಎಂಥ ನಿಪುಣೆಗೂ ನಿಭಾಯಿಸಲಾಗದು.

3. ಜಾಗ ಸಾಕಷ್ಟಿದೆಯೇ? 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ 30 ಚದರ ಮೀಟರ್ ಆಟದ ಜಾಗ ಇರಬೇಕೆಂಬುದು ಅದೇ ನೀತಿಯ ಅಳತೆ. ಅಂದರೆ ಸುಮಾರು 19 ಅಡಿ ಉದ್ದ, 20 ಅಡಿ ಅಗಲದ ಕೋಣೆ. ಹೆಜ್ಜೆಯಿಂದಲೇ ಅಳೆದು ನೋಡಬಹುದು.

4. ಆಟದ ಸಾಮಾನು ಕಪಾಟಿನಲ್ಲಿ ಧೂಳು ಹಿಡಿದಿದೆಯೇ, ಮಕ್ಕಳ ಕೈಯಲ್ಲಿ ಸವೆದಿದೆಯೇ? ಸವೆದ ಸಾಮಾನೇ ಒಳ್ಳೆಯ ಗುರುತು.

5. ಸುತ್ತ ಬೇಲಿ ಅಥವಾ ಗೋಡೆ ಇದೆಯೇ? ಹತ್ತಿರದಲ್ಲಿ ತೆರೆದ ಬಾವಿ, ಕೃಷಿಹೊಂಡ, ಕಾಲುವೆ, ಹೆದ್ದಾರಿ, ಬಿದ್ದ ವಿದ್ಯುತ್ ತಂತಿ ಇವೆಯೇ? ಅಡುಗೆ ಒಲೆ ಮತ್ತು ಅನಿಲದ ಸಿಲಿಂಡರ್ ಮಕ್ಕಳಿಂದ ದೂರವಿವೆಯೇ?

6. ಕುಡಿಯುವ ನೀರು, ಕೈತೊಳೆಯಲು ಸೋಪು, ಮಕ್ಕಳು ಬಳಸಬಹುದಾದ ಶೌಚಾಲಯ ಇವೆಯೇ? ಶೌಚಾಲಯಕ್ಕೆ ಬೀಗ ಹಾಕಿದ್ದರೆ ಅದನ್ನು ಇಲ್ಲವೆಂದೇ ಲೆಕ್ಕ ಹಾಕಬೇಕು.

7. ಊಟ ಯಾವುದು, ಯಾರು ತಿನ್ನಿಸುತ್ತಾರೆ? ಡಬ್ಬಿ ತರುವ ಶಾಲೆಯಾದರೆ ಮಕ್ಕಳ ಡಬ್ಬಿಯಲ್ಲಿ ರೊಟ್ಟಿ, ಮುದ್ದೆ, ಕಾಳುಪಲ್ಯಕ್ಕೆ ಮರ್ಯಾದೆ ಇದೆಯೇ, ಬಿಸ್ಕತ್ತು ಚಿಪ್ಸುಗಳೇ ತುಂಬಿವೆಯೇ?

8. ಮನೆಪಾಠ, ಪರೀಕ್ಷೆ, ರ‍್ಯಾಂಕು ಇವೆಯೇ? ಈ ವಯಸ್ಸಿಗೆ ಇವುಗಳ ಅಗತ್ಯವೇ ಇಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರಿಗೆ ಆಟದ ಮೂಲಕ ಕಲಿಕೆಯನ್ನೇ ವಿಧಿಸಿದೆ.

9. ಹೋಗಿಬರಲು ಎಷ್ಟು ಹೊತ್ತು? ವ್ಯಾನು ಹತ್ತು ಊರು ಸುತ್ತಿ ಬರುವುದಾದರೆ ಮಗು ದಿನಕ್ಕೆ ಎರಡು ಗಂಟೆ ಅದರಲ್ಲೇ ಕಳೆಯುತ್ತದೆ. ಎಷ್ಟು ಮಕ್ಕಳನ್ನು ತುಂಬುತ್ತಾರೆ, ಹತ್ತಿಸಿ ಇಳಿಸಲು ಸಹಾಯಕಿ ಇದ್ದಾರೆಯೇ ಎಂದು ಬೆಳಗ್ಗೆ ರಸ್ತೆಯಲ್ಲಿ ನಿಂತೇ ನೋಡಿ.

ಕೊನೆಯಲ್ಲಿ, ಅಲ್ಲಿ ಈಗಾಗಲೇ ಮಕ್ಕಳನ್ನು ಬಿಟ್ಟಿರುವ ಇಬ್ಬರು ತಾಯಂದಿರನ್ನು ಕೇಳಿ: "ಮಗು ಬೆಳಗ್ಗೆ ಖುಷಿಯಿಂದ ಹೊರಡುತ್ತದೆಯೇ?" ಈ ಒಂದು ಪ್ರಶ್ನೆಗೆ ಬರುವ ಉತ್ತರ ಬಣ್ಣದ ಕರಪತ್ರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಖರ್ಚಿನ ಲೆಕ್ಕ

ಶುಲ್ಕ ಎಷ್ಟು ಎಂದು ಮಾತ್ರ ಕೇಳಿದರೆ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ, ಒಂದು ಶಾಲೆಯ ವಾರ್ಷಿಕ ಶುಲ್ಕ ರೂ. 18,000 ಎಂದಿಟ್ಟುಕೊಳ್ಳೋಣ. ವ್ಯಾನಿಗೆ ತಿಂಗಳಿಗೆ ರೂ. 800ರಂತೆ ಹತ್ತು ತಿಂಗಳಿಗೆ 8,000, ಸಮವಸ್ತ್ರ ಮತ್ತು ಬೂಟಿಗೆ 3,000, ಪುಸ್ತಕಕ್ಕೆ 2,500, ವಾರ್ಷಿಕೋತ್ಸವ, ಪ್ರವಾಸ ಮುಂತಾದುವಕ್ಕೆ 1,500. ಒಟ್ಟು ರೂ. 33,000. ಎಲ್.ಕೆ.ಜಿ., ಯು.ಕೆ.ಜಿ. ಎರಡು ವರ್ಷಕ್ಕೆ ರೂ. 66,000. ಜೂನ್ ತಿಂಗಳು ಬೀಜ ಗೊಬ್ಬರಕ್ಕೂ ಹಣ ಬೇಕಾದ ಕಾಲ. ಈ 33,000ವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ವರ್ಷಕ್ಕೆ ಬಡ್ಡಿಯೇ ರೂ. 7,920 ಆಗುತ್ತದೆ. ನಿಮ್ಮ ಊರಿನ ಶಾಲೆಯ ಅಂಕಿಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿ.

1ನೇ ತರಗತಿಗೆ ಶುಲ್ಕ ಎಷ್ಟು ಏರುತ್ತದೆ ಎಂಬುದನ್ನೂ ಮೊದಲೇ ಕೇಳಿ. ಮಧ್ಯದಲ್ಲಿ ಕಟ್ಟಲಾಗದೆ ಶಾಲೆ ಬಿಡಿಸಿದರೆ ನಷ್ಟ ಹಣದ್ದಷ್ಟೇ ಅಲ್ಲ, ಮಗು ಗೆಳೆಯರನ್ನೂ ಪರಿಚಿತ ಜಾಗವನ್ನೂ ಕಳೆದುಕೊಳ್ಳುತ್ತದೆ. ಮಗನನ್ನು ಖಾಸಗಿ ಶಾಲೆಗೆ, ಮಗಳನ್ನು ಅಂಗನವಾಡಿಗೆ ಎಂದು ಖರ್ಚು ಸರಿದೂಗಿಸುವ ಮನೆಗಳೂ ಇವೆ. ಒಂದೇ ಮನೆಯ ಮಕ್ಕಳಲ್ಲಿ ಇಂಥ ಭೇದ ಸಲ್ಲದು.

ವಯಸ್ಸಿನ ಲೆಕ್ಕ

ರಾಜ್ಯದಲ್ಲಿ ಆಯಾ ಸಾಲಿನ ಜೂನ್ 1ಕ್ಕೆ ಎಲ್.ಕೆ.ಜಿ.ಗೆ 4 ವರ್ಷ, ಯು.ಕೆ.ಜಿ.ಗೆ 5 ವರ್ಷ, 1ನೇ ತರಗತಿಗೆ 6 ವರ್ಷ ತುಂಬಿರಬೇಕೆಂದು ನಿಗದಿ ಮಾಡಲಾಗಿದೆ. 1ನೇ ತರಗತಿಯ ಮಿತಿಯನ್ನು 2025-26ನೇ ಸಾಲಿನಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಆದುದರಿಂದ ಪ್ರತಿ ವರ್ಷದ ಸುತ್ತೋಲೆಯನ್ನು ವಿಚಾರಿಸುವುದು ಒಳ್ಳೆಯದು. ಒಂದು ವರ್ಷ ಉಳಿಯಲೆಂದು ಮಗುವಿನ ವಯಸ್ಸನ್ನು ಹೆಚ್ಚು ಹೇಳಿ ಬೇಗ ಸೇರಿಸಬಾರದು. ಜನನ ಪ್ರಮಾಣ ಪತ್ರದ ಜೊತೆ ತಾಳೆಯಾಗದೆ ಮುಂದೆ ತೊಂದರೆಯಾಗುತ್ತದೆ. ಮೇಲಾಗಿ, ತನಗಿಂತ ದೊಡ್ಡ ಮಕ್ಕಳ ನಡುವೆ ಹಿಂದೆ ಬಿದ್ದ ಮಗು ತಾನು ದಡ್ಡನೆಂದೇ ತಿಳಿಯುತ್ತದೆ.

ಅಂಕ ಹಾಕಿ ಹೋಲಿಸಿ

ನೋಡಿ ಬಂದ ದಿನವೇ ಈ ಕೆಳಗಿನಂತೆ ಅಂಕ ಹಾಕಿಡಿ.

ಶಿಕ್ಷಕಿಯ ನಡವಳಿಕೆ ಮತ್ತು ಮಾತುಕತೆ: 25
ಸುರಕ್ಷತೆ ಮತ್ತು ಶುಚಿತ್ವ: 20
ಆಟ ಮತ್ತು ಚಟುವಟಿಕೆ: 20
ಊಟ, ನೀರು, ಶೌಚಾಲಯ: 15
ದೂರ ಮತ್ತು ಪ್ರಯಾಣ: 10
ಖರ್ಚು ಮನೆಯ ಶಕ್ತಿಗೆ ತಕ್ಕಂತಿರುವುದು: 10
ಒಟ್ಟು: 100

ಮೊದಲ ಎರಡರಲ್ಲಿ ಯಾವುದಕ್ಕಾದರೂ ಅರ್ಧಕ್ಕಿಂತ ಕಡಿಮೆ ಅಂಕ ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಆ ಕೇಂದ್ರ ಬೇಡ. ಎರಡು ಕೇಂದ್ರಗಳ ಅಂಕ ಹೆಚ್ಚುಕಡಿಮೆ ಸಮನಾದರೆ ಮನೆಗೆ ಹತ್ತಿರವಿರುವುದನ್ನೇ ಆರಿಸಿ.

ಹತ್ತಿರದ ಅಂಗನವಾಡಿ ಸರಿಯಿಲ್ಲದಿದ್ದರೆ?

ಬಹಳ ಊರುಗಳಲ್ಲಿ ಉಳ್ಳವರು ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಾರೆ. ಅಂಗನವಾಡಿಯಲ್ಲಿ ಕೂಲಿಕಾರರ ಮಕ್ಕಳಷ್ಟೇ ಉಳಿಯುತ್ತಾರೆ. ಆಮೇಲೆ ಅಲ್ಲಿಯ ಕುಂದುಕೊರತೆಯನ್ನು ಕೇಳುವವರೇ ಇಲ್ಲವಾಗುತ್ತಾರೆ. ಅಂಗನವಾಡಿ ಊರಿನ ಆಸ್ತಿ. ಕೆರೆಯ ತೂಬು ಸೋರಿದರೆ ಅಚ್ಚುಕಟ್ಟಿನವರೆಲ್ಲ ಸೇರಿ ಸರಿಪಡಿಸುವಂತೆ ಇದನ್ನೂ ಸರಿಪಡಿಸಬಹುದು. ಪ್ರತಿ ಕೇಂದ್ರಕ್ಕೂ ತಾಯಂದಿರನ್ನು ಒಳಗೊಂಡ ಬಾಲ ವಿಕಾಸ ಸಮಿತಿ ಇರುತ್ತದೆ. ಅದರ ಸಭೆಗೆ ಹೋಗಿ. ಬೇಲಿ, ನೀರು, ಶೌಚಾಲಯಗಳ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ. ಅದರಿಂದಲೂ ಆಗದಿದ್ದರೆ ವೃತ್ತದ ಮೇಲ್ವಿಚಾರಕಿಗೆ, ನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಬರಹದಲ್ಲಿ ಕೊಡಿ.

ರೈತರು ಕೈಯಿಂದಲೂ ಸಹಾಯ ಮಾಡಬಹುದು. ಅಂಗಳದಲ್ಲಿ ನುಗ್ಗೆ, ಪಪ್ಪಾಯಿ, ಕರಿಬೇವು ನೆಟ್ಟು ನಾಲ್ಕು ಮಡಿ ಸೊಪ್ಪು ಹಾಕಿಕೊಟ್ಟರೆ ಮಕ್ಕಳ ಸಾರಿಗೂ ಆಯಿತು, ಪಾಠಕ್ಕೂ ಆಯಿತು. ಹುಣಸೆಬೀಜ, ತೆಂಗಿನ ಚಿಪ್ಪು, ಜೋಳದ ದಂಟು, ಜೇಡಿಮಣ್ಣು ಇವೇ ಒಳ್ಳೆಯ ಆಟದ ಸಾಮಾನುಗಳು. ವಿಸ್ತರಣಾ ಕಾರ್ಯಕರ್ತರು ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಮೇಲಿನ ಅಂಕಪಟ್ಟಿಯನ್ನು ಓದಿ ತಿಳಿಸಿ, ಐದಾರು ತಾಯಂದಿರನ್ನು ಒಟ್ಟಿಗೆ ಕರೆದೊಯ್ದು ಎರಡು ಕೇಂದ್ರಗಳನ್ನು ತೋರಿಸಿದರೆ ಅದೇ ಒಂದು ಪ್ರಾತ್ಯಕ್ಷಿಕೆಯಾಗುತ್ತದೆ.

ಸೇರಿಸಿದ ಮೇಲೆ

ಮೊದಲ ಒಂದೆರಡು ವಾರ ಮಗು ಅಳುವುದು ಸಹಜ. ಹೊಡೆದು ಎಳೆದೊಯ್ಯಬಾರದು. ಮೊದಲ ದಿನಗಳಲ್ಲಿ ತಾಯಿಯೋ ಅಜ್ಜಿಯೋ ಸ್ವಲ್ಪ ಹೊತ್ತು ಜೊತೆಗಿದ್ದು, ಬಿಟ್ಟಿರುವ ಸಮಯವನ್ನು ನಿಧಾನವಾಗಿ ಹೆಚ್ಚಿಸಬೇಕು. ಆದರೆ ತಿಂಗಳಾದ ಮೇಲೂ ಮಗು ಹೆದರುತ್ತಿದ್ದರೆ, ರಾತ್ರಿ ಬೆಚ್ಚಿಬೀಳುತ್ತಿದ್ದರೆ, ಮೈಮೇಲೆ ಬಾಸುಂಡೆ ಕಂಡರೆ, ಮಾತು ಕಡಿಮೆಯಾದರೆ ತಕ್ಷಣ ವಿಚಾರಿಸಿ. ಮಗುವಿನ ಮಾತನ್ನು ಸುಳ್ಳೆಂದು ತಳ್ಳಿಹಾಕಬೇಡಿ.

ಕರೆದರೆ ತಿರುಗದ, ಮಾತು ತಡವಾದ, ನಡೆಯಲು ಎಡವುವ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ಬಂದು ತಪಾಸಣೆ ಮಾಡುತ್ತದೆ. ಖಾಸಗಿ ಶಾಲೆಗೆ ಹೋಗುವ ಮಗುವನ್ನೂ ಆ ದಿನ ಅಲ್ಲಿಗೆ ಕರೆದೊಯ್ದು ತೋರಿಸಲಾಗುವುದೇ ಎಂದು ಕಾರ್ಯಕರ್ತೆಯನ್ನು ಕೇಳಿ. ದೋಷ ಬೇಗ ಗೊತ್ತಾದಷ್ಟೂ ಪರಿಹಾರ ಸುಲಭ.

ಯಾವ ಶಿಶುವಿಹಾರವೂ ದಿನದ ನಾಲ್ಕು ಗಂಟೆಯದು ಮಾತ್ರ. ಉಳಿದ ಹೊತ್ತು ಮನೆಯದು. ರಾತ್ರಿ ಊಟದ ನಂತರ ಒಂದು ಕಥೆ, ಹೊಲಕ್ಕೆ ಹೋಗುವಾಗ ದಾರಿಯ ಗಿಡ ಹಕ್ಕಿಗಳ ಹೆಸರು, ಮೊಟ್ಟೆ ಎಣಿಸುವ ಕೆಲಸ, ಕೇಳಿದ ಪ್ರಶ್ನೆಗೆ ಬೇಸರಿಸದೆ ಉತ್ತರ: ಇಷ್ಟು ದೊರೆತ ಮಗು ಯಾವ ಶಾಲೆಯಲ್ಲೂ ಹಿಂದೆ ಬೀಳುವುದು ಕಡಿಮೆ. ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸಿದರೆ ಈ ಕಲಿಕೆ ತಪ್ಪಿಹೋಗುತ್ತದೆ.

ಈ ವರ್ಷ ಮಗುವಿಗೆ ಮೂರು ತುಂಬುವ ಮನೆಗಳವರು ಸುಗ್ಗಿಯ ನಂತರ ಎರಡು ಬೆಳಗನ್ನು ಇದಕ್ಕಾಗಿ ಬಿಡುವು ಮಾಡಿಕೊಳ್ಳಲಿ. ಒಂದು ಬೆಳಗ್ಗೆ ಊರಿನ ಅಂಗನವಾಡಿ, ಇನ್ನೊಂದು ಬೆಳಗ್ಗೆ ನೀವು ಯೋಚಿಸಿರುವ ಶಾಲೆ. ಕುಳಿತು ನೋಡಿ, ಎಣಿಸಿ, ಅಂಕ ಹಾಕಿ, ಆಮೇಲೆ ತೀರ್ಮಾನಿಸಿ.